ಮೇಸ್ತ್ರಿಯ ಮಂಡಿಗೊಂದು ಪಂಪು

ಬೆಳಿಗ್ಗೆ ಎದ್ದು ದೇವರಿಗೆ ದೀಪ ಹಚ್ಚಿ ಕೈಮುಗಿಯುವುದು, ಆಮೇಲೆ ಅಡುಗೆಮನೆಯ ನಲ್ಲಿಯ ಕೆಳಗಿಟ್ಟ ಪಾತ್ರೆಯನ್ನೆತ್ತಿ ಕಿಟಕಿಯ ಗಿಡಗಳಿಗೆ ಸುರಿಯುವುದು: ಹನ್ನೊಂದು ವರ್ಷಗಳಿಂದ ಆಕೆ ಒಂದು ದಿನವೂ ತಪ್ಪಿಸದ ಕೆಲಸಗಳಿವು. ಆ ನಲ್ಲಿ ತೊಟ್ಟಿಕ್ಕುತ್ತದೆ. ಅದರಲ್ಲೇನೂ ವಿಶೇಷವಿಲ್ಲ, ಎಷ್ಟೋ ಮನೆಗಳಲ್ಲಿ ನಲ್ಲಿ ತೊಟ್ಟಿಕ್ಕುತ್ತದೆ. ವಿಶೇಷವೆಂದರೆ ಆಕೆಯ ಗಂಡ ಪ್ಲಂಬರು.

ಅಂತಿಂಥ ಪ್ಲಂಬರಲ್ಲ. ಊರೆಲ್ಲ ಆತನನ್ನು ಕರೆಯುವುದೇ ನಲ್ಲಿ ಮೇಸ್ತ್ರಿ ಎಂದು. ಆತ ಕೂರಿಸಿದ ಜಾಯಿಂಟು ಗೋಡೆ ಬಿದ್ದರೂ ಸೋರದು. ಆತನ ಕಾರ್ಡಿನ ಮೇಲೆ ಕೆಂಪಕ್ಷರದಲ್ಲಿ ಹೀಗೆ ಅಚ್ಚಾಗಿದೆ: 'ಸೋರಿದರೆ ಕೈ ಹಾಕಬೇಡಿ. ಫೋನ್ ಮಾಡಿ.' ಮನೆಯ ನಲ್ಲಿಯ ಮಾತೆತ್ತಿದರೆ ಮಾತ್ರ, "ಭಾನುವಾರ ನೋಡೋಣ" ಎನ್ನುತ್ತಿದ್ದ. ಹನ್ನೊಂದು ವರ್ಷಗಳಲ್ಲಿ ಐನೂರಕ್ಕೂ ಹೆಚ್ಚು ಭಾನುವಾರಗಳು ಬಂದು, ಊಟ ಮಾಡಿ, ನಿದ್ದೆ ಹೊಡೆದು ಹೋಗಿದ್ದವು. ಊರಿಗೆ ಉಪಕಾರಿ, ಮನೆಗೆ ಮಾರಿ. ಗಿಡಗಳಿಗೆ ನೀರು ಕಳಿಸಲು ದೇವರು ಕಂಡುಕೊಂಡ ದಾರಿ ಇದಿರಬಹುದು ಎಂದು ಆಕೆ ಸಮಾಧಾನ ಮಾಡಿಕೊಂಡಿದ್ದಳು.

ಈ ಸಲ ಕೆಟ್ಟದ್ದು ಪೈಪಲ್ಲ, ಮಂಡಿ. ಮೂವತ್ತೆರಡು ವರ್ಷ ಸಿಂಕುಗಳ ಕೆಳಗೆ ಊರಿ ಊರಿ ಸವೆದ ಬಲಮಂಡಿಯನ್ನು ಡಾಕ್ಟರು ಬಿಚ್ಚಿ ಹೊಸ ಕೀಲು ಕೂರಿಸಿದರು. ಮೇಸ್ತ್ರಿಗೆ ಆಪರೇಷನ್ನಿನ ಹೆದರಿಕೆ ಇರಲಿಲ್ಲ, ತಾರೀಖಿನ ಹೆದರಿಕೆ ಇತ್ತು. ನಾಲ್ಕು ಅಂತಸ್ತಿನ ಹೊಸ ಹಾಸ್ಟೆಲ್ಲೊಂದರ ನೂರಾ ಹನ್ನೆರಡು ನಲ್ಲಿಗಳೂ ಆತನ ಕೈಯವೇ. ಆಪರೇಷನ್ನಿನ ಹತ್ತನೆಯ ದಿನ ಅಲ್ಲಿಗೆ ಮೊದಲ ಸಲ ನೀರು ಬಿಡುವುದಿತ್ತು. ಮೇಸ್ತ್ರಿ ಬಂದರೆ ದೊಡ್ಡ ವಾಲ್ವನ್ನು ಆತನೇ ತಿರುಗಿಸಲಿ, ಬಾರದಿದ್ದರೆ ಎದುರು ಬೀದಿಯ ಪ್ಲಂಬರು ತಿರುಗಿಸಲಿ ಎಂದು ಕಂಟ್ರಾಕ್ಟರು ಹೇಳಿಬಿಟ್ಟಿದ್ದ.

ಎದುರು ಬೀದಿಯ ಪ್ಲಂಬರು! ಇಪ್ಪತ್ತು ವರ್ಷಗಳಿಂದ ಈ ಇಬ್ಬರೂ ದಾರಿಯಲ್ಲಿ ಎದುರಾದರೆ ಆಕಾಶ ನೋಡುವವರು.

"ನನ್ನ ಪೈಪಿಗೆ ಅವನು ನೀರು ಬಿಡೋದಾ?" ಎಂದ ಮೇಸ್ತ್ರಿ. "ಅದಕ್ಕಿಂತ ನನ್ನ ಬಾಯಿಗೇ ನೀರು ಬಿಟ್ಟುಬಿಡಿ."

ಡಾಕ್ಟರಿಗೂ ಒಂದು ಚಿಂತೆ ಇತ್ತು. ಮೇಸ್ತ್ರಿಗೆ ಸಕ್ಕರೆ ಕಾಯಿಲೆ, ಮೇಲೆ ಮೈಭಾರ. ಇಂಥವರ ಹೊಲಿಗೆ ಒದ್ದೆಯಾಗಿಯೇ ಉಳಿದು ಕೀವು ಕಟ್ಟುವುದುಂಟು. ಕಟ್ಟಿತೋ, ಮತ್ತೆ ವಾರ್ಡು, ಮೂರು ವಾರ ಹಾಸಿಗೆ. ಅದಕ್ಕೇ ಹೊಲಿಗೆಯ ಮೇಲೆ ಒಂದು ವಿಶೇಷ ಪಟ್ಟಿ ಅಂಟಿಸಿ, ಅದರಿಂದ ಸಣ್ಣ ಕೊಳವೆ ಎಳೆದು, ಸಾಬೂನಿನ ಡಬ್ಬಿಯಷ್ಟೇ ಇರುವ ಪುಟ್ಟ ಪಂಪೊಂದಕ್ಕೆ ಜೋಡಿಸಿದ್ದರು. ಅದು ಸದ್ದಿಲ್ಲದೆ ಗಾಳಿಯನ್ನು ಹೀರುತ್ತಿರುತ್ತದೆ. ಗಾಯದ ಪಸೆ ಪಟ್ಟಿಗೆ ಬಂದು ಆರಿಹೋಗುತ್ತದೆ, ಹೊಲಿಗೆಯ ಅಂಚುಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಹೊರಗಿನ ಕೊಳೆ ಒಳಗೆ ಹೋಗದು. ದಿನಾ ಪಟ್ಟಿ ಬಿಚ್ಚಿ ಕಟ್ಟುವ ರಗಳೆ ಇಲ್ಲ. ಮೊದಲೆಲ್ಲ ಇಂಥದ್ದಕ್ಕೆ ಮಂಚದ ಪಕ್ಕ ದೊಡ್ಡ ಯಂತ್ರ ಇಟ್ಟು ಆಸ್ಪತ್ರೆಯಲ್ಲೇ ಮಲಗಿಸುತ್ತಿದ್ದರಂತೆ. ಈಗ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಬಹುದು. ಏಳು ದಿನ ಕೆಲಸ ಮಾಡಿ ತಾನೇ ನಿಲ್ಲುತ್ತದೆ, ಆಮೇಲೆ ಎಸೆಯುವುದೇ. ಹಸಿರು ದೀಪ ಮಿನುಗಿದರೆ ಎಲ್ಲ ಸರಿ. ಹಳದಿ ಮಿನುಗಿದರೆ ಎಲ್ಲೋ ಅಂಚು ಎದ್ದಿದೆ ಎಂದರ್ಥ, ಅಂಗೈಯಿಂದ ಒತ್ತಬೇಕು. ಆಗಲೂ ನಿಲ್ಲದಿದ್ದರೆ ಆಸ್ಪತ್ರೆಯ ಸಿಸ್ಟರಿಗೆ ಫೋನು.

ಡಾಕ್ಟರು ಇಷ್ಟು ಹೇಳಿದ್ದರಲ್ಲಿ ಮೇಸ್ತ್ರಿಯ ಕಿವಿಗೆ ಬಿದ್ದದ್ದು 'ಪಂಪು' ಎಂಬ ಒಂದೇ ಮಾತು.

"ಪಂಪಿನ ವಿಷಯ ನನಗೆ ಬಿಡಿ ಡಾಕ್ಟ್ರೇ. ನಾನು ನೋಡದ ಪಂಪಾ?"

ಆಕೆ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡಳು. ಮೂವತ್ತು ವರ್ಷ ಮೇಸ್ತ್ರಿಯ ಮಾತನ್ನೇ ಕೇಳಿದವಳಿಗೆ ಡಾಕ್ಟರ ಮಾತೇನು ಮಹಾ. ಮನೆಗೆ ಬಂದವಳೇ ಸಿಸ್ಟರ ನಂಬರನ್ನು ಫ್ರಿಜ್ಜಿನ ಮೇಲೆ ಅಂಟಿಸಿದಳು. ಡಬ್ಬಿಯಲ್ಲಿ ಇನ್ನೊಂದು ಪಟ್ಟಿ ಹೆಚ್ಚಿಗೆ ಇತ್ತು. ಅದು ಗಂಡನ ಕಣ್ಣಿಗೆ ಬಿದ್ದರೆ ಉಳಿಯದೆಂದು ದೇವರ ಪಟದ ಹಿಂದೆ ಬಚ್ಚಿಟ್ಟಳು.

ಮೂರು ದಿನ ಹಸಿರು ದೀಪ ಮಿನುಗಿತು. ನಾಲ್ಕನೆಯ ದಿನ ಮೇಸ್ತ್ರಿಗೆ ಅನುಮಾನ ಬಂತು. ಸದ್ದು ಮಾಡದ ಪಂಪು ಎಂದರೇನು? ಕೆಲಸ ಮಾಡುತ್ತಿದೆಯೋ, ಸುಮ್ಮನೆ ಕಣ್ಣು ಹೊಡೆಯುತ್ತಿದೆಯೋ? ಜಾಯಿಂಟು ನೋಡದೆ ಕೆಲಸ ಒಪ್ಪಿಕೊಳ್ಳುವ ಜಾಯಮಾನ ಆತನದಲ್ಲ. ಹೆಂಡತಿ ಬಟ್ಟೆ ಒಣಹಾಕಲು ಮಹಡಿಗೆ ಹೋದದ್ದೇ ತಡ, ಉಗುರಿನಿಂದ ಪಟ್ಟಿಯ ಒಂದು ಮೂಲೆ ಎತ್ತಿ ಇಣುಕಿದ.

ಆಕೆ ಇಳಿದು ಬರುವಷ್ಟರಲ್ಲಿ ಪಂಪು ಗುಂಯ್ ಎನ್ನುತ್ತಿತ್ತು. ಹಳದಿ ದೀಪ.

"ಏನ್ ಮಾಡಿದ್ರಿ?"

"ನಾನೇನ್ ಮಾಡ್ಲಿ? ಆಸ್ಪತ್ರೆಯವರ ಫಿಟ್ಟಿಂಗು ಸರಿ ಇಲ್ಲ ಕಣೇ."

ಅಂಗೈಯಿಂದ ಒತ್ತಿ ಎಂದಳು. ಒತ್ತುವುದು ಗಿರಾಕಿಗಳು ಮಾಡುವ ಕೆಲಸ, ಮೇಸ್ತ್ರಿಗಳದಲ್ಲ ಎಂದ. ಸಿಸ್ಟರಿಗೆ ಫೋನು ಮಾಡೋಣವೆಂದಳು. ಆತನ ಮುಖ ಕೆಂಪಾಯಿತು. "ಸೋರಿಕೆಗೆ ನಾನು ಇನ್ನೊಬ್ಬರನ್ನ ಕರೀಬೇಕಾ? ಎದುರು ಬೀದಿಯವನಿಗೆ ಗೊತ್ತಾದ್ರೆ ನಾನು ಊರು ಬಿಡಬೇಕು."

ಆಕೆ ಬಚ್ಚಲುಮನೆಗೆ ಹೋಗಿ, ಬಕೆಟ್ಟಿಗೆ ಜೋರಾಗಿ ನೀರು ಬಿಟ್ಟು, ಆ ಸದ್ದಿನ ಮರೆಯಲ್ಲಿ ಸಿಸ್ಟರಿಗೆ ಫೋನು ಮಾಡಿದಳು. ಒಂದು ಗಂಟೆಯಲ್ಲಿ ಬರುತ್ತೇನೆ ಎಂದರು. ಮೇಸ್ತ್ರಿಗೆ ಒಂದು ಗಂಟೆ ಸಿಕ್ಕರೆ ಸಾಕು, ಸಾಮ್ರಾಜ್ಯವನ್ನೇ ಮುಳುಗಿಸುತ್ತಾನೆ.

ಹೊರಬಂದು ನೋಡುತ್ತಾಳೆ, ಗಡ್ಡದ ಬ್ರಷ್ಷು ಹಿಡಿದು ಪಟ್ಟಿಯ ಸುತ್ತ ಸಾಬೂನಿನ ನೊರೆ ಬಳಿಯುತ್ತಿದ್ದಾನೆ. ಗಾಳಿ ಸೋರುವ ಕಡೆ ಗುಳ್ಳೆ ಏಳುತ್ತದೆ, ಇದು ಪಂಕ್ಚರು ಅಂಗಡಿಯ ವೇದವಾಕ್ಯ. ಇಬ್ಬರೂ ಕಾದರು. ಒಂದು ಗುಳ್ಳೆಯೂ ಏಳಲಿಲ್ಲ.

"ನೋಡಿದ್ಯಾ? ಸೋರಿಕೆನೇ ಇಲ್ಲ. ಪಂಪು ಸುಳ್ಳು ಹೇಳ್ತಿದೆ."

ಆಕೆ ಮಾತ್ರ ನೊರೆಯನ್ನೇ ನೋಡುತ್ತಿದ್ದಳು. ಅದು ಮೆಲ್ಲಗೆ, ಬಿಲ ಕಂಡ ಇಲಿಯ ಹಾಗೆ, ಎದ್ದ ಮೂಲೆಯೊಳಗೆ ನುಸುಳುತ್ತಿತ್ತು.

"ರೀ, ನೊರೆ ಒಳಗೆ ಹೋಗ್ತಾ ಇದೆ."

ಅಲ್ಲಿಂದ ಮುಂದೆ ನಡೆದದ್ದು ಕೋತಿಯ ಹುಣ್ಣು ಬ್ರಹ್ಮರಾಕ್ಷಸನಾದ ಕಥೆ. ಸಾಬೂನು ತಾಗಿ ಇನ್ನೆರಡು ಮೂಲೆಗಳು ಎದ್ದವು. ಮೇಸ್ತ್ರಿ ಚೀಲದಿಂದ ಪೈಪಿನ ಬಿಳಿ ಟೇಪು ತೆಗೆದು ಹದಿನಾಲ್ಕು ಸುತ್ತು ಸುತ್ತಿದ. ಅದಕ್ಕೆ ಅಂಟೇ ಇಲ್ಲ, ಬಳೆಯ ಹಾಗೆ ಕಣಕಾಲಿಗೆ ಜಾರಿತು. ಡಬ್ಬಿಯಲ್ಲಿದ್ದ ಇನ್ನೊಂದು ಪಟ್ಟಿ ಎಲ್ಲಿ ಎಂದು ಕೇಳಿದ. ದೇವರಿಗೇ ಗೊತ್ತು ಎಂದಳು, ಸುಳ್ಳೇನೂ ಅಲ್ಲ. ಕೊನೆಗೆ ರಟ್ಟಿನ ಪೆಟ್ಟಿಗೆಗೆ ಅಂಟಿಸುವ ಕಂದು ಟೇಪನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ತೊಡೆಯಿಂದ ಮೀನಖಂಡದವರೆಗೆ ಬಿಗಿದ. ಭಲೇ ಎಂದು ತನಗೆ ತಾನೇ ಹೇಳಿಕೊಂಡು ವಾಕರು ಹಿಡಿದು ಎದ್ದ. ಮಂಡಿಯ ಕೆಳಗಿದ್ದ ದಿಂಬೂ ಜೊತೆಗೆ ಎದ್ದಿತು.

ಅದೇ ಹೊತ್ತಿಗೆ ಬಾಗಿಲಲ್ಲಿ ಸಿಸ್ಟರು. ಗಿಡ್ಡನೆಯ, ಮೆಲುಮಾತಿನ ಹೆಂಗಸು. ಕಾಲನ್ನು ನೋಡಿದರು, ದಿಂಬನ್ನು ನೋಡಿದರು.

"ಪಾರ್ಸೆಲ್ ಯಾವ ಊರಿಗೆ?"

ಟೇಪು ಬಿಚ್ಚಲು ಮುಕ್ಕಾಲು ಗಂಟೆ ಹಿಡಿಯಿತು. ಒಂದೊಂದು ಸುತ್ತಿಗೂ ಕಾಲಿನ ಕೂದಲು ಕಂತೆಕಂತೆಯಾಗಿ ಕಿತ್ತು ಬಂತು, ಒಂದೊಂದು ಕಂತೆಗೂ ಮೇಸ್ತ್ರಿ ಒಬ್ಬೊಬ್ಬ ದೇವರನ್ನು ಕೂಗಿದ. ಮೂವತ್ತು ವರ್ಷ ಹೇಳಿದರೂ ಒಂದು ಸಲವೂ ಕೈಮುಗಿಯದ ಮನುಷ್ಯ! ಆಕೆಗೆ ಒಳಗೊಳಗೇ ಸಂತೋಷವಾಯಿತು.

ಕೊನೆಗೆ ಪಟ್ಟಿ ಬಿಚ್ಚುವ ಹೊತ್ತು ಬಂತು. ಸಾಬೂನು ಹೊಲಿಗೆಗೆ ಮುಟ್ಟಿದ್ದರೆ ವಾಲ್ವು ಎದುರು ಬೀದಿಗೆ. ಮೇಸ್ತ್ರಿ ಕಣ್ಣು ಮುಚ್ಚಿದ. ಆಕೆ ಸೆರಗಿನ ತುದಿ ಹಿಡಿದುಕೊಂಡು ತುಟಿ ಅಲುಗಿಸದೆ ಬೇಡಿಕೊಂಡಳು.

ಸಿಸ್ಟರು ಬಗ್ಗಿ ನೋಡಿದರು. "ನಿಮ್ಮ ಪುಣ್ಯ. ನೊರೆ ಅಂಚಲ್ಲೇ ನಿಂತಿದೆ. ಹೊಲಿಗೆ ಒಣಗಿದೆ, ಚೆನ್ನಾಗಿ ಕೂಡಿಕೊಂಡಿದೆ. ಮೂರು ದಿನ ಇದು ಕೆಲಸ ಮಾಡಿದೆ ನೋಡಿ, ಸದ್ದಿಲ್ಲದೆ." ಆಮೇಲೆ ಇನ್ನೊಂದು ಪಟ್ಟಿ ಕೇಳಿದರು. ದೇವರ ಪಟದ ಹಿಂದಿನಿಂದ ಅದು ಇಳಿದು ಬಂದಾಗ ಮೇಸ್ತ್ರಿ ಇಂಗು ತಿಂದ ಮಂಗನಂತಾದ.

ಚರ್ಮ ಒರೆಸಿ, ಒಣಗಿಸಿ, ಹೊಸ ಪಟ್ಟಿ ಹಾಕಿ, ಅಂಗೈಯಿಂದ ಅಂಚು ಒತ್ತಿದರು. ಹಸಿರು ಮಿನುಗಿತು.

"ಅಲ್ಲ ಸಿಸ್ಟರ್, ಗುಳ್ಳೆ ಯಾಕೆ ಬರ್ಲಿಲ್ಲ?" ಮೇಸ್ತ್ರಿಗೆ ಅದೊಂದೇ ಸಂಕಟ.

"ನಿಮ್ಮ ಪೈಪಲ್ಲಿ ಒಳಗಿರೋದು ಹೊರಗೆ ಬರೋಕೆ ನೋಡುತ್ತೆ. ಇಲ್ಲಿ ಹೊರಗಿರೋದು ಒಳಗೆ ಹೋಗೋಕೆ ನೋಡುತ್ತೆ. ಗುಳ್ಳೆ ಎಲ್ಲಿಂದ ಬರುತ್ತೆ?" ಚೀಲ ಎತ್ತಿಕೊಳ್ಳುವಾಗ ಮೇಜಿನ ಮೇಲಿದ್ದ ಮೇಸ್ತ್ರಿಯ ಕಾರ್ಡು ಅವರ ಕಣ್ಣಿಗೆ ಬಿತ್ತು. ಕೆಂಪಕ್ಷರವನ್ನು ಗಟ್ಟಿಯಾಗಿ ಓದಿದರು. "ಸೋರಿದರೆ ಕೈ ಹಾಕಬೇಡಿ. ಫೋನ್ ಮಾಡಿ. ಯಾರು ಬರೆದಿದ್ದೋ, ಬಂಗಾರದಂಥ ಮಾತು."

ಏಳನೆಯ ದಿನ ಪಂಪು ತಾನೇ ನಿಂತಿತು. ಡಾಕ್ಟರು ಪಟ್ಟಿ ತೆಗೆದು, ಹೊಲಿಗೆ ನೋಡಿ, ಹಾಸ್ಟೆಲ್ಲಿಗೆ ಹೋಗಿಬನ್ನಿ ಎಂದರು. ಹತ್ತನೆಯ ದಿನ ಮೇಸ್ತ್ರಿ ವಾಕರಿನ ಸಮೇತ ಹಾಸ್ಟೆಲ್ಲಿಗೆ ಹೋಗಿ ವಾಲ್ವು ತಿರುಗಿಸಿದ. ನೂರಾ ಹನ್ನೆರಡು ನಲ್ಲಿಗಳಲ್ಲಿ ನೀರು ಬಂತು, ಒಂದು ಜಾಯಿಂಟೂ ಬೆವರಲಿಲ್ಲ. ಜನರ ಹಿಂದೆ ನಿಂತಿದ್ದ ಎದುರು ಬೀದಿಯ ಪ್ಲಂಬರು ಆಕಾಶ ನೋಡುತ್ತಲೇ ಒಮ್ಮೆ ತಲೆದೂಗಿದ. ಹೆಂಗಸರ ಸಾಲಿನಲ್ಲಿದ್ದ ಆಕೆ ಅದನ್ನು ಕಂಡಳು.

ಮರುದಿನ ಬೆಳಿಗ್ಗೆ ದೀಪ ಹಚ್ಚಿ, ಪಾತ್ರೆ ಎತ್ತಿ, ಗಿಡಗಳಿಗೆ ಸುರಿಯುತ್ತಿದ್ದಾಗ ಹಿಂದೆ ವಾಕರಿನ ಸದ್ದಾಯಿತು. ಮೇಸ್ತ್ರಿ ಸ್ಪ್ಯಾನರು ಹಿಡಿದು ನಿಂತಿದ್ದ. ಕಣ್ಣಲ್ಲಿ ಪಶ್ಚಾತ್ತಾಪ, ಕೊರಳಲ್ಲಿ ಜೇನು.

"ಲೇ, ಪಾಪ ನಿನಗೆ ತುಂಬಾ ತೊಂದ್ರೆ ಕೊಟ್ಟೆ. ಇವತ್ತು ಭಾನುವಾರ ಅಲ್ಲದಿದ್ರೂ ಪರವಾಗಿಲ್ಲ, ಈ ನಲ್ಲಿ ಸರಿ ಮಾಡಿಕೊಡ್ತೀನಿ."

"ಬೇಡ ರೀ," ಎಂದಳು ಆಕೆ, ಪಾತ್ರೆಯನ್ನು ಮತ್ತೆ ನಲ್ಲಿಯ ಕೆಳಗಿಡದೆ ಒರೆಸಿ ಕಪಾಟಿನಲ್ಲಿಡುತ್ತಾ. "ಸೋರಿದ್ರೆ ಕೈ ಹಾಕಬಾರದು, ಫೋನ್ ಮಾಡ್ಬೇಕು. ನಿನ್ನೆ ಸಂಜೆನೇ ಮಾಡಿದೀನಿ."

ಬಾಗಿಲು ಬಡಿದ ಸದ್ದಾಯಿತು. ಹೊಸ್ತಿಲ ಹೊರಗೆ ಎದುರು ಬೀದಿಯ ಪ್ಲಂಬರು, ಕೈಯಲ್ಲಿ ಸಾಮಾನಿನ ಚೀಲ ಹಿಡಿದು, ಆಕಾಶ ನೋಡುತ್ತಾ ನಿಂತಿದ್ದ.