ಪಾಪಕ್ಕನ ಮೋಹಿನಿ

ಬೆಳಕು ಚೆನ್ನಾಗಿದೆ ಎಂದು ಹನುಮಂತರಾಯಪ್ಪನವರು ದಾರಿಬದಿಯ ಹುಣಸೆಮರದ ಕೆಳಗೆ ಕುರ್ಚಿ ಹಾಕಿಸಿದ್ದೇ ತಪ್ಪಾಯಿತು.

ಮೂವತ್ತು ಸಿನಿಮಾ ನಿರ್ದೇಶಿಸಿ, ಈಗ ತೂಬಗೆರೆಯ ಹತ್ತಿರ ದ್ರಾಕ್ಷಿ ಬೆಳೆದುಕೊಂಡು ಹಾಯಾಗಿದ್ದ ಅವರನ್ನು ಸಂದರ್ಶಿಸಲು ಯೂಟ್ಯೂಬ್ ಚಾನೆಲ್ಲಿನ ಅನಿತ ಬಂದಿದ್ದಳು. ಎಲ್ಲವೂ ಲೈವ್. ಮದುಮಗನ ಹಾಗೆ ರೇಷ್ಮೆ ಜುಬ್ಬ ತೊಟ್ಟ ಅವರು ಗಂಟಲು ಸರಿಮಾಡಿಕೊಂಡು, "ನನ್ನ ಮೊದಲನೇ ಚಿತ್ರದ ಶೂಟಿಂಗ್ ಇದೇ ಮರದ ಕೆಳಗೆ..." ಎನ್ನುವಷ್ಟರಲ್ಲಿ ಪಕ್ಕದ ತೋಟದ ಪಾಪಕ್ಕ ಓಡಿಬಂದಳು.

"ಏಳ್ರೀ ಡೈರೆಟ್ರಣ್ಣಾ! ಆ ಮರದಾಗೆ ಮೋಹಿನಿ ಅವ್ಳೆ! ಧಾರೆ ಸೀರೆ ಉಟ್ಕೊಂಡು ಬಂದು 'ಕೊನೇ ಬಸ್ಸು ಹೋಯ್ತಾ?' ಅಂತಾಳೆ. ಹೋಯ್ತು ಅಂದ್ರೆ, 'ಹಂಗಾರೆ ನಿಮ್ಮನೇಗೇ ಬತ್ತೀನಿ' ಅಂತ ಹಿಂದೇನೇ ಬಂದ್‌ಬಿಡ್ತಾಳೆ!"

ಹನುಮಂತರಾಯಪ್ಪನವರು ಬೆಚ್ಚಿಬಿದ್ದರು. ದೆವ್ವಕ್ಕಲ್ಲ, ಮಾತಿಗೆ.

"ಆ ಡೈಲಾಗ್ ನಾನು ಬರ್ದಿದ್ದು ಕಣಮ್ಮಾ! ಮೋಹಿನಿಯೂ ಇಲ್ಲ, ಏನೂ ಇಲ್ಲ. ಅವತ್ತು ಹೀರೋಯಿನ್ ಕೈಕೊಟ್ಲು ಅಂತ ನಮ್ಮ ಮೇಕಪ್‌ನವನಿಗೇ ಮೀಸೆ ಬೋಳಿಸಿ ಸೀರೆ ಉಡಿಸಿದ್ದೆ."

"ಅಂದ್ರೆ ನಾನು ಅಮಾಸೆ ಅಮಾಸೆಗೂ ಮೊಸರನ್ನ ಇಡ್ತಿರೋದು ನಿಮ್ಮ ಮೇಕಪ್‌ನೋನಿಗಾ?"

ಪಾಪಕ್ಕನ ದನಿ ನಾಲ್ಕು ತೋಟ ದಾಟಿತು. ಜನ ಸೇರಿದರು. ಟವೆಲ್ಲು ಕೊಡವುತ್ತಾ ಚಿಕ್ಕವೆಂಕಟಪ್ಪ ಮುಂದೆ ಬಂದ.

"ನಮ್ಮಪ್ಪ ಕಣ್ಣಾರೆ ನೋಡವ್ನೆ! ಚಳಿಜ್ವರ ಬಂದು ಮಲಗ್‌ಬಿಟ್ಟಿದ್ದ."

"ನಿಮ್ಮಪ್ಪ ನೋಡಿದ್ದು ಶೂಟಿಂಗ್ ಕಣಯ್ಯಾ!"

"ಸತ್ತೋಗಿರೋ ನಮ್ಮಪ್ಪನ್ನ ಸುಳ್ಳ ಅಂತೀರಾ?"

ಪಾಪಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಈಗ ಗೊತ್ತಾಯ್ತು ಬಿಡ್ರಪ್ಪಾ! ನಮ್ಮ ಮೋಹಿನಿ ಕತೆ ಕದ್ದು ಸಿನಿಮಾ ಮಾಡವ್ರೆ. ಕೇಳಿದ್ರೆ ಮೇಕಪ್‌ನೋನು ಅಂತಾರೆ. ಕಾಯಿ ಒಡ್ದು ತಪ್ಪಾಯ್ತು ಅಂತ ಕೇಳ್ಲಿ!"

ಹನುಮಂತರಾಯಪ್ಪನವರು ದಿಕ್ಕುತೋಚದೆ ಅನಿತಳ ಕಡೆ ನೋಡಿದರು. ಅವಳ ಕಣ್ಣು ಮೊಬೈಲಿನ ಮೇಲಿತ್ತು. "ವ್ಯೂಸ್ ಸಖತ್ತಾಗಿ ಏರ್ತಿದೆ ಸರ್. ಒಂದ್ಸಲ ಕ್ಷಮೆ ಕೇಳ್‌ಬಿಡಿ, ಪ್ಲೀಸ್."

ಅವರು ಜನರ ಮುಖ ನೋಡಿದರು. ಅಲ್ಲಿ ನಿಜವಾದ ಭಯವಿತ್ತು, ಭಕ್ತಿಯೂ ಇತ್ತು. ಆ ಚಿತ್ರ ಬಿಡುಗಡೆಯಾದಾಗ ಪತ್ರಿಕೆಗಳು 'ಯಾರೂ ನಂಬಲಾಗದ ಕತೆ' ಎಂದು ಬರೆದು ಮೂರೇ ದಿನಕ್ಕೆ ಮನೆಗೆ ಕಳಿಸಿದ್ದವು. ಇಲ್ಲಿ ಇಡೀ ಊರೇ ನಂಬಿಕೊಂಡು ಕೂತಿದೆ! ಯಾವ ಪ್ರಶಸ್ತಿ ಬಂದಾಗಲೂ ಅವರ ಎದೆ ಹೀಗೆ ತುಂಬಿರಲಿಲ್ಲ. ತಾವೇ ಸೃಷ್ಟಿಸಿದ ದೆವ್ವಕ್ಕೆ ಕಾಯಿ ಒಡೆದು, "ತಪ್ಪಾಯ್ತು ತಾಯಿ" ಎಂದು ಮನಸಾರೆ ಕೈಮುಗಿದರು.

ಸಂಜೆ ಹೆಂಡತಿ ನಾಗಲಕ್ಷ್ಮಮ್ಮನಿಗೆ ಇದನ್ನೆಲ್ಲ ಹೇಳಿಕೊಂಡು ನಗುತ್ತಿದ್ದಾಗ ಬೆಂಗಳೂರಿನಿಂದ ನಿರ್ಮಾಪಕನೊಬ್ಬ ಫೋನ್ ಮಾಡಿದ.

"ಲೈವ್ ನೋಡ್ದೆ ಸರ್, ಮೈ ಜುಮ್ ಅಂತು! ಆ ಕತೆ ಸಿನಿಮಾ ಮಾಡ್ತಿದೀವಿ."

ಹನುಮಂತರಾಯಪ್ಪನವರ ಬೆನ್ನು ನೆಟ್ಟಗಾಯಿತು. "ನಾನು ರೆಡಿ ಕಣಪ್ಪಾ. ಯಾವತ್ತು ಶುರು ಮಾಡೋಣ?"

"ಅಯ್ಯೋ, ನಿಮಗ್ಯಾಕೆ ಸರ್ ತೊಂದರೆ? ಕತೆ ಪಾಪಕ್ಕನೋರದು, ಅವ್ರು ಒಪ್ಪಿದಾರೆ. ಆದ್ರೆ ಒಂದೇ ಒಂದು ಕಂಡೀಷನ್ ಹಾಕಿದಾರೆ. ಅದನ್ನ ನಿಮಗೆ ತಿಳಿಸೋಣ ಅಂತಲೇ ಫೋನ್ ಮಾಡ್ದೆ."

"ಏನಂತೆ?"

"ಕತೆ ಕದ್ದೋರು ಸೆಟ್ಟಿಗೆ ಕಾಲಿಡಬಾರದಂತೆ."