ಮೋಹನ್‌ಕುಮಾರನ ಹುಳ

ಹೆಂಡತಿ ಊಟ ಬಿಟ್ಟಾಗ 'ಹಸಿವಾದರೆ ತಾನೇ ತಿಂತಾಳೆ' ಎಂದು ಟಿ.ವಿ. ನೋಡುತ್ತ ಕುಳಿತಿದ್ದ ಗಂಡ, ಹಾವು ಊಟ ಬಿಟ್ಟಿತೆಂದು ಕಣ್ಣಲ್ಲಿ ನೀರು ತುಂಬಿಕೊಂಡರೆ ಯಾವ ಹೆಣ್ಣು ಸುಮ್ಮನಿದ್ದಾಳು? ಹಾಸನದ ಆ ಬಾಡಿಗೆ ಮನೆಯ ಮಹಡಿಯಲ್ಲಿ ಮೇಘಶ್ರೀಯಂತೂ ಸುಮ್ಮನಿರಲಿಲ್ಲ.

"ನಂಗೆ ಜ್ವರ ಬಂದಾಗ ಒಂದ್ಲೋಟ ಗಂಜಿ ಕೊಟ್ಟಿದ್ರಾ? ಅದಕ್ಕೆ ನೋಡಿ, ಹೀಟರ್ರು, ಕಂಬ್ಳಿ, ಜೋಗುಳ!"

"ಜೋಗುಳ ಅಲ್ಲ ಕಣೇ, ಸುಮ್ನೆ ಮಾತಾಡಿಸ್ತಿದ್ದೆ," ಎಂದ ಮೋಹನ್‌ಕುಮಾರ್.

ಚಿನ್ನು ಹೆಬ್ಬಾವಿನ ಜಾತಿಯ ಸಾಕುಹಾವು. ವಿಷವಿಲ್ಲ, ಸಿಟ್ಟಿಲ್ಲ (ಆ ಮನೆಯಲ್ಲಿ ಅವೆರಡೂ ಇಲ್ಲದ ಜೀವ ಅದೊಂದೇ ಎಂಬುದು ಮೋಹನನ ಗುಟ್ಟಿನ ಅಭಿಪ್ರಾಯ). ಸರ್ಕಾರದ ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ಆದರೆ ಕೆಳಗಿನ ಮನೆಯಲ್ಲಿದ್ದ ಓನರ್ ರಾಮಣ್ಣನವರಿಗೆ ಸಂಗತಿ ಗೊತ್ತಿರಲಿಲ್ಲ. ಗೊತ್ತಾದರೆ ಚಿನ್ನುವಿನ ಜೊತೆ ಇವರ ಪಾತ್ರೆ ಪಡಗವೂ ಬೀದಿಗೆ ಬೀಳುತ್ತಿತ್ತು. ಮಾಗಿಯ ಚಳಿ ಶುರುವಾದದ್ದೇ ತಡ, ಚಿನ್ನು ಇಲಿ ಕೊಟ್ಟರೆ ಮುಖ ತಿರುಗಿಸತೊಡಗಿತು. "ಚಳಿಗೆ ಹಂಗೇ, ಬಿಸಿಲು ಬಂದ್ರೆ ತಿನ್ನತ್ತೆ" ಎಂದು ಪಶುವೈದ್ಯರು ಎಷ್ಟು ಹೇಳಿದರೂ ಮೋಹನನ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ಆ ಭಾನುವಾರ ಅತ್ತೆ ದೊಡ್ಡತಾಯಮ್ಮ ಹಳೇಕೋಟೆಯಿಂದ ಸೊಗಡವರೆ ಹಾಗೂ ನಾಟಿಕೋಳಿ ಸಮೇತ ಆಗಮಿಸಿದರು. ಹಿತಕಿದ ಬೇಳೆ ಬೆರೆತ ಕೋಳಿಸಾರು ಒಲೆಯ ಮೇಲೆ ಕುದಿಯತೊಡಗಿದ್ದೇ ಮೋಹನನ ಹಸಿವು ಎದ್ದು ಕುಳಿತಿತು. ತಟ್ಟೆ ತಾನೇ ತೊಳೆದಿಟ್ಟುಕೊಂಡ.

ಅಷ್ಟರಲ್ಲಿ ಅತ್ತೆ, ಕರಿಬೇವು ಕೇಳಲು ಕೆಳಗೆ ಹೋಗಿದ್ದರು.

"ಅಳಿಯಂದ್ರು ಯಾಕವ್ವ ಸೊರಗವ್ರೆ?" ಎಂದರು ರಾಮಣ್ಣ.

ಮನೆಯೊಳಗೆ ಹಾವಿನ ಹೆಸರೆತ್ತುವ ಪದ್ಧತಿ ದೊಡ್ಡತಾಯಮ್ಮನವರಿಗೆ ಹುಟ್ಟಿದಾಗಿನಿಂದ ಇಲ್ಲ. ಅವರ ಕಡೆ ಹಾವಿಗೆ ಹುಳ ಎನ್ನುತ್ತಾರೆ. ಗುಟ್ಟು ಗುಟ್ಟಾಗಿ ಉಳಿಯಿತು, ಸುಳ್ಳೂ ಹೇಳಲಿಲ್ಲ ಎಂಬ ಸಮಾಧಾನದಲ್ಲಿ ಅವರೆಂದರು: "ಏನೇಳ್ಲಿ ರಾಮಣ್ಣಾರೇ, ಹುಳದ ಕಾಟ. ಅದ್ರ ದೆಸೆಯಿಂದ ಊಟಾನೇ ಬಿಟ್ಬುಟ್ಟವ್ರೆ."

ನಾಟಿ ಔಷಧಿ ರಾಮಣ್ಣನವರ ಹುಚ್ಚು. ಆದರೆ ಅದನ್ನು ಕುಡಿಯುವವರು ಸಿಗುವುದು ಕಷ್ಟವಾಗಿತ್ತು. ಮೋಹನ್ ತಟ್ಟೆಯ ಮುಂದೆ ಕೂರುವ ಹೊತ್ತಿಗೆ ಸರಿಯಾಗಿ ಬಾಗಿಲು ದೂಡಿಕೊಂಡು ಬಂದರು.

"ಏನ್ ಸಾ, ಹುಳ ಮಡಿಕ್ಕೊಂಡು ನಂಗೊಂದು ಮಾತೇಳ್ದೆ ಕೂತಿದ್ದೀರಲ್ಲ!"

ಸಿಕ್ಕಿಬಿದ್ದೆ ಎಂದುಕೊಂಡ ಮೋಹನ್. ಆಮೇಲೆ ರಾಮಣ್ಣನವರ ಕೈಯಲ್ಲಿದ್ದ ಲೋಟ ಕಂಡಿತು. ಬೇವಿನ ಕಷಾಯ, ಮೇಲೆ ತೇಲುವ ಹರಳೆಣ್ಣೆ.

"ಹೊಟ್ಟೆ ಹುಳಕ್ಕೆ ನಾಚ್ಕೆ ಯಾಕೆ ಸಾ? ಯಾರಿಗಿಲ್ಲ ಏಳಿ? ಕುಡೀರಿ."

ಹೊಟ್ಟೆಯ ಹುಳವಲ್ಲ ಎಂದರೆ ಎಲ್ಲಿಯ ಹುಳ ಎಂದು ಹೇಳಬೇಕು. ಪಕ್ಕದ ರೂಮಿನಲ್ಲಿ ಚಿನ್ನು ಕಂಬಳಿಯಡಿ ಮಲಗಿತ್ತು. ಮೋಹನ್ ಮೂಗು ಮುಚ್ಚಿಕೊಂಡು ಕುಡಿದ. ತ್ಯಾಗ ಎಂದರೇನೆಂದು ಅವನ ನಾಲಿಗೆಗೆ ಅಂದೇ ತಿಳಿದದ್ದು.

"ಇವತ್ತು ಕೋಳಿ ಮುಟ್ಟಂಗಿಲ್ಲ. ಬರೀ ಗಂಜಿ."

"ಗಂಜಿ ನಾನು ಮಾಡ್ಕೊಡ್ತೀನಿ ಅಂಕಲ್," ಎಂದಳು ಮೇಘಶ್ರೀ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ. "ತಟ್ಟೆ ಹೆಂಗೂ ಹಾಕಿದೆ, ನೀವು ಊಟ ಮಾಡ್ಕೊಂಡೇ ಹೋಗಿ."

ರಾಮಣ್ಣನವರು ಎರಡು ಸಲ ಬೇಡವೆಂದು, ಮೂರನೆಯ ಸಲ ಕುಳಿತರು. ಮೋಹನನ ಮುದ್ದೆ, ಮೋಹನನ ಕಾಲಿನ ಪೀಸು ಮೋಹನನ ಕಣ್ಣೆದುರೇ ಕಾಣೆಯಾದವು. ಅವನು ಹೊಟ್ಟೆ ಹಿಡಿದುಕೊಂಡು ರೂಮಿನ ಬಾಗಿಲನ್ನೇ ನೋಡುತ್ತ ಕುಳಿತಿದ್ದ.

"ಹುಳ ಕಣ್ಣಿಗೆ ಬಿದ್ದಿತ್ತಾ ಸಾ?" ಎಂದರು ರಾಮಣ್ಣ, ಮೂಳೆ ಚೀಪುತ್ತ. "ಎಷ್ಟುದ್ದ ಐತೆ?"

ಸಾಕಿದವರಿಗೆ ಈ ಪ್ರಶ್ನೆ ಕೇಳಬಾರದು. ಉತ್ತರ ಎದೆಯಿಂದ ನೇರವಾಗಿ ಬಾಯಿಗೆ ಬಂದುಬಿಡುತ್ತದೆ.

"ಮೂರೂವರೆ ಅಡಿ," ಎಂದ ಮೋಹನ್ ಹೆಮ್ಮೆಯಿಂದ. "ಇನ್ನೂ ಬೆಳೆಯತ್ತೆ."

ರಾಮಣ್ಣನವರ ಕೈಯ ತುತ್ತು ಸಾರಿಗೆ ಬಿತ್ತು. ಅವರು ಮೋಹನನ ಹೊಟ್ಟೆಯನ್ನೊಮ್ಮೆ ಭಯಭಕ್ತಿಯಿಂದ ನೋಡಿ, ಕೈ ತೊಳೆಯಲು ಎದ್ದರು.

"ಲೋಟದಲ್ಲಿ ಆಗೋ ಕೆಲ್ಸ ಅಲ್ಲ ಇದು. ಮೇಘವ್ವ, ದೊಡ್ಡದೊಂದು ಚೊಂಬು ಕೊಡು."