ಬಿದ್ದವರ ನಿಯಮಾವಳಿ ಮತ್ತು ನನ್ನ ಸೈಕಲ್ ಸವಾರಿ

ನಮ್ಮ ಆಸ್ಪತ್ರೆಯ ಆವರಣದೊಳಗೆ ಯಾರೇ ಬಿದ್ದರೂ ಅವರನ್ನು ಇಪ್ಪತ್ತನಾಲ್ಕು ಗಂಟೆಗಳ ಕಾಲ ಒಳರೋಗಿಯಾಗಿ ದಾಖಲಿಸಿಕೊಳ್ಳತಕ್ಕದ್ದು. ಈ ನಿಯಮಾವಳಿಯನ್ನು ಬರೆದವಳು ನಾನೇ, ಇಲ್ಲಿನ ಮೇಟ್ರನ್, ನರ್ಸುಗಳೆಲ್ಲರ ಮುಖ್ಯಸ್ಥೆ. ಒಟ್ಟು ಹನ್ನೊಂದು ಕಲಮುಗಳು, ಒಂದರಲ್ಲೂ ಅಕ್ಷರದೋಷವಿಲ್ಲ. ಬಿದ್ದವರ ಹುದ್ದೆ, ವಯಸ್ಸು, ಅವಸರ ಯಾವುದನ್ನೂ ಪರಿಗಣಿಸತಕ್ಕದ್ದಲ್ಲ ಎಂಬುದು ಏಳನೆಯ ಕಲಮು. ಕಳೆದ ವರ್ಷ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಮೆಟ್ಟಿಲಲ್ಲಿ ಜಾರಿದರು. ತಪಾಸಣೆಯ ವರದಿಯನ್ನು ಅವರು ಹಾಸಿಗೆಯಲ್ಲಿ ಕೂತು ಬರೆಯಬೇಕಾಯಿತು. ವರದಿ ಚೆನ್ನಾಗಿರಲಿಲ್ಲ. ನಿಯಮ ಮಾತ್ರ ಉಳಿಯಿತು.

ಹೀಗಿರುವಾಗ ನಿರ್ದೇಶಕರ ಸುತ್ತೋಲೆ ಬಂತು. ಮುಂದಿನ ತಿಂಗಳ ಮೊದಲ ದಿನದಿಂದ ವಿಭಾಗಗಳ ಮುಖ್ಯಸ್ಥರೆಲ್ಲರೂ ಹಳೆಯ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಸೈಕಲ್ಲಿನಲ್ಲೇ ಹೋಗಿಬಂದು ರೋಗಿಗಳಿಗೆ ಮಾದರಿಯಾಗತಕ್ಕದ್ದು. ಜೊತೆಗೊಂದು ನಮೂನೆ. 'ಸೈಕಲ್ ಬರುತ್ತದೆಯೇ?' ಎಂಬಲ್ಲಿ ನಾನು 'ಹೌದು' ಎಂದು ಬರೆದೆ. ಬರುತ್ತಿರಲಿಲ್ಲ. ಆದರೆ ಮೇಲಿನ ಇಪ್ಪತ್ತೆರಡು ಸಾಲುಗಳಿಗೂ 'ಹೌದು' ಎಂದೇ ಬರೆದಿದ್ದೆ. ಕೊನೆಯಲ್ಲೊಂದು 'ಇಲ್ಲ' ಬಂದು ಪುಟದ ಅಂದ ಕೆಡಿಸುವುದು ನನಗೆ ಹಿಡಿಸಲಿಲ್ಲ. ಅಲ್ಲದೆ ಕಾನ್ವೆಂಟಿನಲ್ಲಿ ಕಲಿತವಳು, ಬೆನ್ನು ನೆಟ್ಟಗಿಟ್ಟು ಕೂರಬಲ್ಲವಳು ಯಾವುದರ ಮೇಲಾದರೂ ಕೂರಬಲ್ಲಳೆಂದು ನಂಬಿದ್ದೆ. ಹಿರಿಯಳೆಂದು ಉದ್ಘಾಟನೆಯ ಮುಂದಾಳತ್ವವನ್ನೂ ನನಗೇ ಕೊಟ್ಟರು. ಇಪ್ಪತ್ತು ದಿನಗಳಿದ್ದವು. ಅಷ್ಟರಲ್ಲಿ ಕಲಿಯದಿದ್ದರೆ ನಾನು ಸುಳ್ಳು ಬರೆದದ್ದು ಇಡೀ ಆಸ್ಪತ್ರೆಗೆ ಗೊತ್ತಾಗುತ್ತಿತ್ತು. ಸುಳ್ಳು ಬರೆದ ತಪ್ಪಿಗೆ ಅದೇ ವರ್ಷ ನಾಲ್ವರು ನರ್ಸುಗಳಿಗೆ ನಾನು ಮೆಮೊ ಕೊಟ್ಟಿದ್ದೆ.

ಬಟ್ಟೆ ಒಗೆಯುವ ವಿಭಾಗದ ಆಯಾ ದಿನವೂ ಸೈಕಲ್ಲಿನಲ್ಲೇ ಕೆಲಸಕ್ಕೆ ಬರುವವಳು. ಚಾದರ ಒಣಹಾಕುವ ಸಿಮೆಂಟಿನ ಅಂಗಳದಲ್ಲಿ ಅವಳೇ ನನ್ನ ಗುರುವಾದಳು.

"ಚಕ್ರ ನೋಡ್ಬೇಡಿ ಮೇಡಂ, ಅದೆಲ್ಲೂ ಓಡಿಹೋಗಲ್ಲ. ಮುಂದೆ ನೋಡಿ."

"ಹ್ಯಾಂಡಲ್ ಓಲಾಡ್ತಿದೆ. ಅದಕ್ಕೆ ಶಿಸ್ತಿಲ್ಲ."

"ಓಲಾಡ್ತಿರೋದು ನೀವು. ಕೋಲು ನುಂಗಿದ ಹಾಗೆ ಕೂತ್ರೆ ಇನ್ನೇನಾಗತ್ತೆ? ಸೊಂಟ ಸಡಿಲ ಬಿಡಿ."

ಸೊಂಟ ಸಡಿಲ ಬಿಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಮೂರನೆಯ ಚಾದರದ ಬಳಿ ಬಿದ್ದೆ.

"ಯಾರೂ ನೋಡಿಲ್ಲ, ಎದ್ಬಿಡಿ," ಎಂದಳು ಆಯಾ.

"ನಾನು ನೋಡಿದೀನಿ. ಸ್ಟ್ರೆಚರ್ ತರಿಸು."

ಹದಿನಾಲ್ಕನೆಯ ಹಾಸಿಗೆಯಲ್ಲಿ ದಾಖಲಾದೆ. ನರ್ಸೊಬ್ಬಳು ನಮೂನೆ ಹಿಡಿದು ಬಂದಳು.

"ಎಲ್ಲಿಂದ ಬಿದ್ರಿ ಮೇಡಂ? ಇದ್ರಲ್ಲಿ ಹಾಸಿಗೆ, ಮೆಟ್ಟಿಲು, ಕುರ್ಚಿ ಅಷ್ಟೇ ಇರೋದು."

"ಯಾರು ಮಾಡಿದ ನಮೂನೆ ಇದು?"

"ನೀವೇ ಮೇಡಂ."

ಸೈಕಲ್ಲಿನ ಎತ್ತರಕ್ಕೆ ಅದೇ ಹತ್ತಿರವೆಂದು 'ಹಾಸಿಗೆ' ಎಂದು ಬರೆಸಿದೆ.

ಎರಡನೆಯ ಸಲ ದಾಖಲಾದಾಗ ನನ್ನ ಯಜಮಾನರು ಭೇಟಿಯ ಸಮಯದಲ್ಲಿ ಬಂದು ಸ್ಟೂಲಿನ ಮೇಲೆ ಕೂತರು.

"ಈ ಸಲ ಯಾವ ಕಡೆ ಬಿದ್ದೆ?"

"ಎಡಗಡೆ."

"ಹೋದ ಸಲ ಬಲಗಡೆ. ಹಾಗಾದ್ರೆ ಸಮತೋಲನ ಬರ್ತಾ ಇದೆ."

ಭೇಟಿಯ ಸಮಯ ಮುಗಿದಿದೆಯೆಂದು ತಿಳಿಸಿ ಅವರನ್ನು ಕಳಿಸಿದೆ. ಇನ್ನೂ ಹದಿನೈದು ನಿಮಿಷ ಬಾಕಿಯಿತ್ತು.

ಮೂರನೆಯ ಸಲ ಬಿದ್ದಾಗ ಒಂಬತ್ತನೆಯ ಕಲಮು ಜಾರಿಗೆ ಬಂತು. ಒಂದೇ ತಿಂಗಳಲ್ಲಿ ಮೂರು ಸಲ ಬಿದ್ದವರ ಕೈಗೆ ಹಳದಿ ಪಟ್ಟಿ ಕಟ್ಟತಕ್ಕದ್ದು. ಆವರಣದೊಳಗೆ ಅವರು ಚಲಿಸುವಾಗಲೆಲ್ಲ ಇಬ್ಬರು ನರ್ಸುಗಳು ಎರಡೂ ತೋಳು ಹಿಡಿದಿರತಕ್ಕದ್ದು. ವಿನಾಯಿತಿ ಕೋರಿ ಮೇಟ್ರನ್ನರಿಗೆ ಅರ್ಜಿ ಬರೆದೆ. ಮೇಟ್ರನ್ನಾಗಿ ಅದನ್ನು ಓದಿದೆ. ಕಾರಣಗಳು ತೀರಾ ವೈಯಕ್ತಿಕವಾಗಿದ್ದವು, ತಿರಸ್ಕರಿಸಿದೆ.

ಅಲ್ಲಿಂದ ಮುಂದೆ ನಾನು ಪೆಡಲ್ ತುಳಿದರೆ ಇಬ್ಬರು ನರ್ಸುಗಳು ಅಕ್ಕಪಕ್ಕ ಓಡುತ್ತಿದ್ದರು. ಬೀಳುವುದು ನಿಂತಿತು. ಕಲಿಯುವುದೂ ನಿಂತಿತು.

"ಹಿಡ್ಕೊಂಡೋರು ಬಿಡೋವರ್ಗೂ ಸೈಕಲ್ ಬರಲ್ಲ ಮೇಡಂ," ಎಂದಳು ಆಯಾ.

"ಬಿಟ್ರೆ ಕಲಮು ಮುರಿದ ಹಾಗಾಗತ್ತೆ."

"ಕಲಮು ತಾನೆ? ಮೂಳೆ ಅಲ್ವಲ್ಲ."

ಅವಳ ಮಾತನ್ನು ನಾನು ದಾಖಲಿಸಲಿಲ್ಲ.

ಉದ್ಘಾಟನೆಯ ದಿನ ನಿರ್ದೇಶಕರು ಬಾವುಟ ಬೀಸಿದರು. ಮುಂದೆ ನಾನು, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ, ಎರಡು ಕಡೆ ಇಬ್ಬರು ನರ್ಸುಗಳು. ಹಿಂದೆ ಹದಿನಾರು ಮುಖ್ಯಸ್ಥರು ಸೈಕಲ್ ತಳ್ಳಿಕೊಂಡು ನಡೆದು ಬಂದರು. ಹಿರಿಯರನ್ನು ಹಿಂದಿಕ್ಕುವುದು ಸರಿಯಲ್ಲವೆಂದು ಹೇಳಿದರು. ಹೊಸ ಕಟ್ಟಡದ ಇಳಿಜಾರಿನಲ್ಲಿ ಬಲಗಡೆಯವಳ ಚಪ್ಪಲಿ ಕಳಚಿತು. ಎಡಗಡೆಯವಳು ಅವಳತ್ತ ತಿರುಗಿ ನೋಡಿದಳು. ತೋಳುಗಳ ಮೇಲೆ ಯಾರ ಕೈಯೂ ಇಲ್ಲವೆಂದು ನನಗೆ ತಿಳಿದದ್ದು ಸ್ವಲ್ಪ ದೂರ ಹೋದ ಮೇಲೆ. ಸೊಂಟ ತಾನಾಗಿ ಸಡಿಲವಾಗಿತ್ತು. ಗಾಳಿ ಟೋಪಿಯ ಕೆಳಗೆ ನುಗ್ಗಿತು. ಅರವತ್ತು ಅಡಿ, ಅಷ್ಟನ್ನೂ ನಾನೊಬ್ಬಳೇ ಹೋದೆ. ಬ್ರೇಕ್ ಹಿಡಿದೆ, ಎರಡೂ ಕಾಲು ನೆಲಕ್ಕೂರಿದೆ. ನನ್ನ ಬಾಯಿಂದ ಒಂದು ಸದ್ದು ಹೊರಟಿತು. ನಗುವಿರಬೇಕು, ಸಮವಸ್ತ್ರದಲ್ಲಿ ನಾನು ನಕ್ಕ ಪೂರ್ವನಿದರ್ಶನವಿಲ್ಲ.

"ಬಂತಲ್ಲ ಮೇಡಂ," ಎಂದಳು ಆಯಾ, ಬಟ್ಟೆಯ ಗಾಡಿಯ ಹಿಂದಿನಿಂದ.

ಹತ್ತನೆಯ ಕಲಮಿನ ಪ್ರಕಾರ, ಹಳದಿ ಪಟ್ಟಿಯವರು ಹಿಡಿದವರಿಲ್ಲದೆ ಚಲಿಸಿದರೆ ಅವರನ್ನು 'ಪರಾರಿ' ಎಂದು ಬರೆಯತಕ್ಕದ್ದು. ಮಧ್ಯಾಹ್ನ ನನಗೆ ನಾನೇ ಮೆಮೊ ಕೊಟ್ಟು ವಿವರಣೆ ಕೇಳಿದೆ. 'ಪಶ್ಚಾತ್ತಾಪವಿದೆಯೇ?' ಎಂಬಲ್ಲಿ 'ಇಲ್ಲ' ಎಂದು ಬರೆದೆ. ಅಕ್ಷರ ಸ್ವಲ್ಪ ದೊಡ್ಡದಾಯಿತು. ವಿವರಣೆ ತೃಪ್ತಿಕರವಲ್ಲದ ಕಾರಣ ಹಳದಿ ಪಟ್ಟಿಯನ್ನು ನಿವೃತ್ತಿಯವರೆಗೆ ವಿಸ್ತರಿಸಿ ಕಡತ ಮುಚ್ಚಿದೆ.

ಮರುದಿನ ಹದಿನಾರು ಮುಖ್ಯಸ್ಥರೂ ನಿರ್ದೇಶಕರಿಗೆ ಮನವಿ ಕೊಟ್ಟರು: ಮೇಟ್ರನ್ನರಿಗೆ ಇಬ್ಬರು ನರ್ಸುಗಳಿದ್ದ ಮೇಲೆ ತಮಗೇಕಿಲ್ಲ? ಸಂಜೆಯೊಳಗೆ ಎರಡನೆಯ ಸುತ್ತೋಲೆ ಹೊರಟಿತು. ಮುಖ್ಯಸ್ಥರಿಗೆ ತಲಾ ಇಬ್ಬರು, ಉಪನಿರ್ದೇಶಕರಿಗೆ ಮೂವರು, ನಿರ್ದೇಶಕರಿಗೆ ನಾಲ್ವರು. ಸೈಕಲ್ ಸವಾರಿಯ ವೇಳೆಯಾದ ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ವಾರ್ಡುಗಳಲ್ಲಿ ನರ್ಸುಗಳಿರುವುದಿಲ್ಲ. ಆ ಅವಧಿಯಲ್ಲಿ ಬೀಳಬಾರದೆಂದು ರೋಗಿಗಳಿಗೆ ತಿಳಿಸಲಾಗಿದೆ. ಬಿದ್ದವರು ಹತ್ತು ಗಂಟೆಯವರೆಗೆ ಬಿದ್ದಿರತಕ್ಕದ್ದು. ರೋಗಿಗಳು ಸಹಕರಿಸುತ್ತಿದ್ದಾರೆ.

ವಾಪಸು ಬರುವಾಗ ಆ ಇಳಿಜಾರು ಏರಾಗುತ್ತದೆ. ಓಡಿ ಓಡಿ ನನ್ನ ನರ್ಸುಗಳಿಗೆ ಏದುಸಿರು ಬರುತ್ತದೆ. ಆಗ ಅವರು ತೋಳು ಬಿಟ್ಟು ನನ್ನ ಭುಜಕ್ಕೆ ಜೋತುಬೀಳುತ್ತಾರೆ. ನಾನು ಹ್ಯಾಂಡಲ್ ಗಟ್ಟಿಯಾಗಿ ಹಿಡಿದು ನಿಧಾನವಾಗಿ ತುಳಿಯುತ್ತೇನೆ. ಈವರೆಗೆ ಇಬ್ಬರಲ್ಲಿ ಯಾರನ್ನೂ ಬೀಳಲು ಬಿಟ್ಟಿಲ್ಲ.